ಸಂವಿಧಾನದಾಗ ‘ಸಾಲಿ’ ಎಲ್ಲೈತಿ?

ಅಗರಖೇಡದಂಥ ಊರಿನ ಮಕ್ಕಳನ್ನು ಸಾಲಿ ಬಿಡಿಸಿ ಕಬ್ಬು ಕಡಿಯಲು ಕರೆದೊಯ್ಯುವಾಗ “ಓದು ಅವರ ಹಕ್ಕು” ಎಂದರೆ, “ಎದರಾಗ ಬರದೈತ್ರಿ?” ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. 1950ರ ಮೂಲಭೂತ ಹಕ್ಕುಗಳಲ್ಲಿ ಅದು ಬರೆದಿರಲಿಲ್ಲ. 14 ವರ್ಷದವರೆಗೆ ಉಚಿತ ಶಿಕ್ಷಣ ಕೊಡಲು ಸರ್ಕಾರ ಯತ್ನಿಸಬೇಕೆಂದು 45ನೇ ವಿಧಿ ಹೇಳಿತ್ತು. ಆದರೆ ಅದಕ್ಕಾಗಿ ಕೋರ್ಟಿಗೆ ಹೋಗುವಂತಿರಲಿಲ್ಲ. 21ನೇ ವಿಧಿ ಕಾನೂನಿನ ಕ್ರಮವಿಲ್ಲದೆ ಯಾರ ಜೀವ, ಸ್ವಾತಂತ್ರ್ಯವನ್ನೂ ಕಸಿಯಬಾರದು ಎನ್ನುತ್ತದೆ. ಅಕ್ಷರಕ್ಕೆ ಅಂಟಿಕೊಂಡು ಓದಿದರೆ ಅಲ್ಲಿ ಸಾಲಿ ಕಾಣೋದಿಲ್ಲ.

1992ರಲ್ಲಿ ನಮ್ಮ ಕರ್ನಾಟಕದ್ದೇ ಒಂದು ಮೊಕದ್ದಮೆ, ಮೋಹಿನಿ ಜೈನ್ ಪ್ರಕರಣ. ಖಾಸಗಿ ವೈದ್ಯಕೀಯ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000! ಸುಪ್ರೀಂ ಕೋರ್ಟು ಅರ್ಥ ಹಿಗ್ಗಿಸಿ ಓದಿತು: ಜೀವ ಅಂದರೆ ಬರೀ ಉಸಿರಲ್ಲ, ಮಾನದ ಬಾಳು, ಓದಿಲ್ಲದೆ ಅದಿಲ್ಲ. ಹೀಗೆ ಹಿಗ್ಗಿಸಿದರೆ ಕೊನೆ ಎಲ್ಲಿ, ಕಾನೂನು ಮಾಡೋರು ನಾವು ಆರಿಸಿದವರಲ್ಲವೇ ಎಂಬ ಆಕ್ಷೇಪವೂ ಹುಸಿಯಲ್ಲ. ಮರುವರ್ಷವೇ ಉನ್ನಿಕೃಷ್ಣನ್ ತೀರ್ಪು ಈ ಹಕ್ಕನ್ನು 14 ವರ್ಷದವರೆಗೆ ಎಂದು ಬಿಗಿಮಾಡಿತು.

2002ರಲ್ಲಿ ಸಂಸತ್ತೇ 21ಎ ವಿಧಿ ಸೇರಿಸಿತು. 2010ರ ಏಪ್ರಿಲ್ 1ರಿಂದ ಜಾರಿ. ಈಗ 6ರಿಂದ 14 ವರ್ಷದ ಮಕ್ಕಳಿಗೆ ಅದು ಬರೆದೇ ಇದೆ. ಕಬ್ಬಿನ ಹಂಗಾಮು ಮುಗಿಸಿ ವರ್ಷದ ನಡುವೆ ಬಂದರೂ, ವರ್ಗಾವಣೆ ಪತ್ರ ತಡವಾದರೂ, ಸರ್ಕಾರಿ ಸಾಲಿಯವರು ಸೇರಿಸಿಕೊಳ್ಳೋದಿಲ್ಲ ಅನ್ನುವಂತಿಲ್ಲ.