ಜ್ವರ ಬಿಟ್ಟ ಮೇಲಿನ ಓಟ

ಮುಂಗಾರು ಬಲಿತು ರಾಗಿಯ ಹೊಲಗಳು ಹಸುರಾಗುವ ವೇಳೆಗೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಶಾಲೆಗಳಲ್ಲಿ ಕ್ರೀಡಾಕೂಟಗಳ ಸಂಭ್ರಮ ಆರಂಭವಾಗುತ್ತದೆ. ಜ್ವರಗಳ ಕಾಲವೂ ಅದೇ. ಕಬಡ್ಡಿ ತಂಡದ ಚುರುಕಾದ ಹುಡುಗನೊಬ್ಬ ನಾಲ್ಕು ದಿನ ಜ್ವರದಿಂದ ಮಲಗಿ, ಐದನೆಯ ದಿನ ಮೈ ತಣ್ಣಗಾದೊಡನೆ ಅಂಕಣಕ್ಕೆ ಇಳಿಯುವುದು ಅಪರೂಪವಲ್ಲ. “ಜ್ವರ ಬಿಟ್ಟಿತಲ್ಲ, ಇನ್ನೇನು?” ಎಂದು ಗೆಳೆಯರು ಹುರಿದುಂಬಿಸುತ್ತಾರೆ. ಬಿಟ್ಟಿರುವುದು ಮೈಯ ಕಾವು ಮಾತ್ರ. ಒಳಗೆ ನಡೆದ ಹೋರಾಟ ಮುಗಿದಿದೆಯೆ ಎಂಬುದು ಬೇರೆಯೇ ಪ್ರಶ್ನೆ.

ವೈರಸ್ಸಿನ ಹಾವಳಿ ರೇಷ್ಮೆ ಸಾಕುವ ಮನೆಗಳಿಗೆ ಹೊಸದಲ್ಲ. ಹಾಲುತೊಂಡೆ ರೋಗ ತಗುಲಿದ ಹುಳು ಒಂದೆಡೆ ನಿಲ್ಲದೆ ತಟ್ಟೆಯ ಅಂಚಿನುದ್ದಕ್ಕೂ ಹರಿದಾಡುತ್ತದೆ. ಅದರ ಮೈ ಉಬ್ಬಿ, ಚರ್ಮ ಒಡೆದು, ಹಾಲಿನಂತಹ ದ್ರವ ಸೋರುತ್ತದೆ. ಆ ದ್ರವದಲ್ಲಿ ವೈರಸ್ ತುಂಬಿದ ಸೂಕ್ಷ್ಮ ಹರಳುಗಳು ಲೆಕ್ಕವಿಲ್ಲದಷ್ಟು ಇರುತ್ತವೆ. ವೈರಸ್ ತಾನಾಗಿ ಬೆಳೆಯಲಾರದು. ಪರರ ಜೀವಕೋಶವನ್ನು ಹೊಕ್ಕು, ಅಲ್ಲಿಯ ಸಾಮಗ್ರಿಯಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಹುಳುವಿನ ಈ ವೈರಸ್ ಮನುಷ್ಯರಿಗೆ ರೋಗ ತರುವುದಿಲ್ಲ. ಆದರೆ ಮನುಷ್ಯರನ್ನು ಕಾಡುವ ವೈರಸ್‌ಗಳ ವಿಧಾನವೂ ಇದೇ ಬಗೆಯದು.

ಅವುಗಳಲ್ಲಿ ಕೆಲವು ಹೃದಯದ ಸ್ನಾಯುವಿಗೂ ದಾರಿ ಕಂಡುಕೊಳ್ಳುತ್ತವೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕಾಕ್ಸಾಕಿ ಎಂಬ ಊರಿನ ಮಕ್ಕಳಲ್ಲಿ ಕಂಡುಬಂದು, 1948ರಲ್ಲಿ ವರದಿಯಾಗಿ, ಆ ಊರಿನ ಹೆಸರನ್ನೇ ಪಡೆದ ಕಾಕ್ಸಾಕಿ ವೈರಸ್ ಇವುಗಳಲ್ಲಿ ಬಹು ಪರಿಚಿತವಾದುದು. ಇನ್‌ಫ್ಲುಯೆಂಜಾ, ಕೋವಿಡ್, ಡೆಂಗಿ, ಚಿಕೂನ್‌ಗುನ್ಯಾಗಳಲ್ಲಿಯೂ ಕೆಲವೊಮ್ಮೆ ಹೃದಯ ತೊಂದರೆಗೀಡಾಗುತ್ತದೆ. ವೈರಸ್ ಕೋಶಗಳನ್ನು ನೇರವಾಗಿ ಕೆಡಿಸುತ್ತದೆ. ಅದನ್ನು ಸದೆಬಡಿಯಲು ಧಾವಿಸಿದ ರಕ್ತದ ಬಿಳಿಯ ಕಣಗಳು ಶತ್ರುವಿನೊಡನೆ ಸ್ವಂತ ಮನೆಯನ್ನೂ ಗಾಸಿಗೊಳಿಸುತ್ತವೆ. ಹೀಗೆ ಉಂಟಾಗುವ ಬಾವೇ ಹೃದಯಸ್ನಾಯುವಿನ ಉರಿಯೂತ. ಇದು ನಾವು ಸಾಮಾನ್ಯವಾಗಿ ಕೇಳುವ ಹೃದಯಾಘಾತವಲ್ಲ. ಹೃದಯಾಘಾತದಲ್ಲಿ ಹೃದಯಕ್ಕೆ ರಕ್ತವೊಯ್ಯುವ ನಾಳ ಮುಚ್ಚಿಕೊಳ್ಳುತ್ತದೆ. ಇಲ್ಲಿ ನಾಳಗಳು ತೆರೆದೇ ಇದ್ದರೂ ಸ್ನಾಯುವೇ ಬೇನೆಗೊಳಗಾಗಿರುತ್ತದೆ. ಆದುದರಿಂದಲೇ ಅದು ಎಳೆಯರಿಗೂ ಬರಬಹುದು.

ಕಾಲಿಗೆ ಗಾಯವಾದರೆ ಕಾಲನ್ನು ಆಡಿಸದೆ ಕೂರಬಹುದು. ಹೃದಯಕ್ಕೆ ಆ ಸೌಲಭ್ಯವಿಲ್ಲ. ದಿನಕ್ಕೆ ಸುಮಾರು ಒಂದು ಲಕ್ಷ ಸಾರಿ ಅದು ಮಿಡಿಯಲೇಬೇಕು. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ನೂಕುವ ವಯಸ್ಕರ ಹೃದಯ, ಪಳಗಿದ ಓಟಗಾರನಲ್ಲಿ ಓಟದ ಭರದಲ್ಲಿ 20 ಲೀಟರಿಗೂ ಹೆಚ್ಚು ನೂಕುತ್ತದೆ. ಬಾತುಕೊಂಡ ಸ್ನಾಯುವಿನ ಮೇಲೆ ಈ ಹೊರೆ ಬಿದ್ದರೆ, ಮಿಡಿತಕ್ಕೆ ಆಜ್ಞೆ ನೀಡುವ ವಿದ್ಯುತ್ ಸಂಕೇತಗಳು ಬೇನೆಯ ಭಾಗದಲ್ಲಿ ದಾರಿ ತಪ್ಪಿ ಸುತ್ತತೊಡಗಬಹುದು. ಆಗ ಹೃದಯ ಲಯಗೆಟ್ಟು ಬರಿದೆ ಅದುರುತ್ತದೆ; ರಕ್ತ ಮುಂದೆ ಸಾಗುವುದಿಲ್ಲ. ಓಡುತ್ತಿದ್ದವನು ಒಮ್ಮೆಲೇ ಕುಸಿಯುತ್ತಾನೆ. 1970ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಾಕ್ಸಾಕಿ ವೈರಸ್ ತಗುಲಿದ ಇಲಿಗಳಲ್ಲಿ ಕೆಲವನ್ನು ನೀರಿನಲ್ಲಿ ಈಜಿಸಲಾಯಿತು. ಸುಮ್ಮನಿದ್ದ ಇಲಿಗಳಿಗಿಂತ ಈಜಿದವುಗಳ ಹೃದಯದಲ್ಲಿ ವೈರಸ್ ಬಹುಪಾಲು ಹೆಚ್ಚಿತ್ತು. ಸತ್ತವೂ ಅವೇ ಹೆಚ್ಚು.

ಇಲಿಗಳ ಮಾತು ಮನುಷ್ಯರಿಗೆ ಪೂರ್ತಿಯಾಗಿ ಅನ್ವಯಿಸದೆಂದು ಆಕ್ಷೇಪಿಸುವವರು ಸ್ವೀಡನ್ ದೇಶದ ಸಂಗತಿಯನ್ನು ನೋಡಬಹುದು. ಭೂಪಟ ಮತ್ತು ದಿಕ್ಸೂಚಿಗಳನ್ನು ಹಿಡಿದು ಕಾಡಿನಲ್ಲಿ ದಾರಿ ಹುಡುಕುತ್ತ ಓಡುವ ಕ್ರೀಡೆ ಅಲ್ಲಿ ಬಹು ಜನಪ್ರಿಯ. ನಮ್ಮ ಸಾವನದುರ್ಗದ ಕಾಡು ಅದಕ್ಕೆ ಹೇಳಿಮಾಡಿಸಿದಂತಿದೆ. 1979ರಿಂದ 1992ರವರೆಗೆ ಆ ಕ್ರೀಡೆಯ 16 ಮಂದಿ ತರುಣರು ಹಠಾತ್ತನೆ ಮಡಿದರು. ಹಲವರ ಹೃದಯದಲ್ಲಿ ಉರಿಯೂತದ ಕುರುಹುಗಳಿದ್ದುವು. ಅಲ್ಲಿ ಸಂಶಯ ಬಿದ್ದುದು ವೈರಸ್ಸಿನ ಮೇಲಲ್ಲ, ಬ್ಯಾಕ್ಟೀರಿಯದ ಮೇಲೆ. ಆದರೆ ಪಾಠ ಒಂದೇ. 1992ರ ಕೊನೆಯಿಂದ ಆರು ತಿಂಗಳ ಕಾಲ ಕಠಿಣ ತರಬೇತಿಯನ್ನೂ ಸ್ಪರ್ಧೆಗಳನ್ನೂ ತಡೆಹಿಡಿದು, ಸೋಂಕಿದ್ದಾಗ ಓಡಬಾರದೆಂದು ತಿಳಿಹೇಳಿದ ಬಳಿಕ ಮುಂದಿನ ವರ್ಷಗಳಲ್ಲಿ ಇಂತಹ ಸಾವುಗಳು ನಿಂತುಹೋದುವು.

ಹೀಗೆಂದು ಜ್ವರ ಬಂದವರೆಲ್ಲ ಎದೆ ಹಿಡಿದುಕೊಂಡು ಕೂರಬೇಕಾಗಿಲ್ಲ. ಕೋವಿಡ್ ತಗುಲಿದ್ದ ಅಮೆರಿಕದ 789 ವೃತ್ತಿಪರ ಆಟಗಾರರನ್ನು ಪರೀಕ್ಷಿಸಿದಾಗ ಹೃದಯದ ಉರಿಯೂತ ಕಂಡುಬಂದುದು ಐವರಲ್ಲಿ ಮಾತ್ರ. ಕೆನಡಾದ ಕಾಲ್ಚೆಂಡಾಟಗಾರ ಅಲ್ಫಾನ್ಸೊ ಡೇವಿಸ್‌ಗೆ 2022ರ ಜನವರಿಯಲ್ಲಿ ಕೋವಿಡ್ ಬಳಿಕ ಈ ಬೇನೆ ಪತ್ತೆಯಾಯಿತು. ಆತ ಏಪ್ರಿಲ್‌ವರೆಗೆ ಆಟದಿಂದ ದೂರವಿದ್ದು, ಅದೇ ವರ್ಷದ ವಿಶ್ವಕಪ್ಪಿನಲ್ಲಿ ಗೋಲು ಹೊಡೆದನು. ನಮ್ಮ ದೇಶದ 47 ಆಸ್ಪತ್ರೆಗಳ ನೆರವಿನಿಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 18ರಿಂದ 45 ವರ್ಷದವರ ಹಠಾತ್ ಸಾವುಗಳನ್ನು ಕುರಿತು ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದುದೂ ಸಾವಿಗೆ ಮುಂಚಿನ 48 ಗಂಟೆಗಳಲ್ಲಿ ತೀವ್ರವಾದ ದೈಹಿಕ ಶ್ರಮವೂ ಅಪಾಯವನ್ನು ಹೆಚ್ಚಿಸುವ ಅಂಶಗಳ ಸಾಲಿನಲ್ಲಿ ಕಂಡುಬಂದುವು. ಲಸಿಕೆ ಆ ಸಾಲಿನಲ್ಲಿರಲಿಲ್ಲ. ಜನರ ಬಾಯಲ್ಲಿ ಲಸಿಕೆಯ ಮೇಲಿನ ಅಪವಾದವೇ ಹೆಚ್ಚು ಹರಡಿತೆಂಬುದು ವಿಷಾದದ ಸಂಗತಿ.

ಹಾಗಾದರೆ ಆಟಗಾರ ಏನು ಮಾಡಬೇಕು? ಜ್ವರ, ಮೈಕೈ ನೋವು, ಎದೆಯ ಕೆಮ್ಮು, ಭೇದಿ ಇರುವಾಗ ವ್ಯಾಯಾಮ ಸಲ್ಲದು. ಬರಿಯ ನೆಗಡಿಯಾದರೆ ಹಗುರವಾದ ನಡಿಗೆಗೆ ಅಡ್ಡಿಯಿಲ್ಲ. ಪ್ಯಾರಾಸಿಟಮಾಲ್ ಮಾತ್ರೆ ನುಂಗಿ ಮೈದಾನಕ್ಕೆ ಇಳಿಯುವ ರೂಢಿ ನಮ್ಮಲ್ಲಿದೆ. ಇದು ಎಲ್ಲಕ್ಕಿಂತ ಕೆಟ್ಟದ್ದು. ಮಾತ್ರೆ ಕಾವನ್ನು ಇಳಿಸುತ್ತದೆಯೇ ಹೊರತು ವೈರಸ್ಸನ್ನು ಕೊಲ್ಲುವುದಿಲ್ಲ. ಡೆಂಗಿಯಲ್ಲಂತೂ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಚೇತರಿಸಿಕೊಂಡ ಬಳಿಕ ಎದೆನೋವು, ಹಿಂದೆ ಕಾಣದಿದ್ದ ಏದುಸಿರು, ಎದೆ ಡವಗುಟ್ಟುವುದು, ಓಡುವಾಗ ಕಣ್ಣು ಕತ್ತಲೆ ಬರುವುದು ಇವುಗಳಲ್ಲಿ ಯಾವುದು ಕಂಡರೂ ಆಟವನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಇ.ಸಿ.ಜಿ. ಪರೀಕ್ಷೆಗೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯವರೆಗೆ ಹೋಗಲೇಬೇಕೆಂದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿಯೂ ಅದು ದೊರೆಯುತ್ತದೆ. ಉರಿಯೂತವಿದೆಯೆಂದು ಖಚಿತವಾದರೆ ಮೂರರಿಂದ ಆರು ತಿಂಗಳು ಸ್ಪರ್ಧೆಗಳನ್ನು ಬಿಟ್ಟಿರಬೇಕೆಂಬುದು ಬಹುಕಾಲದ ನಿಯಮ. ಪರೀಕ್ಷೆಗಳು ಚೆನ್ನಾಗಿದ್ದರೆ ಕೆಲವರಿಗೆ ಈ ಅವಧಿಯನ್ನು ಕಡಮೆ ಮಾಡಬಹುದೆಂದು ತಜ್ಞರು ಈಚೆಗೆ ಹೇಳುತ್ತಾರೆ.

ಉಳಿದವರು ಮೊದಲು ನಡಿಗೆ, ಅನಂತರ ನಿಧಾನದ ಓಟ, ಕೊನೆಗೆ ಪಂದ್ಯ ಎಂಬ ಕ್ರಮದಲ್ಲಿ ಮರಳಬೇಕು. ರಾಮದೇವರ ಬೆಟ್ಟವನ್ನು ಓಡಿ ಹತ್ತುವ ಪಂತ ಎಲ್ಲಕ್ಕೂ ಕೊನೆಯದಾಗಿರಲಿ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುನ್ನ ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಮಿಡಿತ ತಿಳಿಯುತ್ತದೆ. ಆರೋಗ್ಯವಾಗಿದ್ದಾಗಿನ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದ ಹುಡುಗ, ಜ್ವರದ ನಂತರ ಅದು ಹತ್ತು ಹನ್ನೆರಡು ಹೆಚ್ಚೇ ಇರುವುದನ್ನು ಕಂಡರೆ ಆ ದಿನ ಮೈದಾನದ ಅಂಚಿನಲ್ಲಿ ಕುಳಿತು ಅಂಕಗಳನ್ನು ಬರೆದುಕೊಳ್ಳುವ ಕೆಲಸವನ್ನು ಕೇಳಿ ಪಡೆಯಬಹುದು.