ನೀರಿನ ದಡದಲ್ಲಿ, ಹಿಮದ ನಡುವೆ: ಕೆನಡಾದ ನಗರಗಳು

ವಿಸ್ತೀರ್ಣದಲ್ಲಿ ರಷ್ಯಾ ಬಿಟ್ಟರೆ ಜಗತ್ತಿನ ಅತಿ ದೊಡ್ಡ ದೇಶ ಕೆನಡಾ. ಸುಮಾರು 99.8 ಲಕ್ಷ ಚದರ ಕಿಲೋಮೀಟರ್ ಹರಡಿರುವ ಈ ನೆಲದಲ್ಲಿ ಭಾರತದಂಥ ಮೂರು ದೇಶಗಳು ಹಿಡಿಸುತ್ತವೆ. ಜನಸಂಖ್ಯೆ ಮಾತ್ರ 4 ಕೋಟಿಯ ಆಸುಪಾಸು, ಕರ್ನಾಟಕಕ್ಕಿಂತಲೂ ಕಡಿಮೆ. ಅವರಲ್ಲೂ ಹತ್ತರಲ್ಲಿ ಎಂಟು ಮಂದಿ ನಗರವಾಸಿಗಳು. ಆ ನಗರಗಳಲ್ಲಿ ಹೆಚ್ಚಿನವು ಇರುವುದು ಅಮೆರಿಕದ ಗಡಿಗೆ ಹೊಂದಿಕೊಂಡ ಕಿರಿದಾದ ಪಟ್ಟಿಯಲ್ಲಿ. ಉತ್ತರಕ್ಕೆ ಹೋದಂತೆ ಬಂಡೆ, ಸರೋವರ, ಕಾಡು, ಕೊನೆಗೆ ವರ್ಷವಿಡೀ ಹೆಪ್ಪುಗಟ್ಟಿರುವ ನೆಲ. ಅಲ್ಲಿ ಬೇಸಾಯಕ್ಕೆ ಅವಕಾಶವಿಲ್ಲ, ರಸ್ತೆಗಳೂ ವಿರಳ.

ಈ ನಗರಗಳಿಗೆ ಜಾಗ ತೋರಿಸಿದ್ದು ನೀರು. ಹಡಗು ಮುಂದೆ ಹೋಗಲಾಗದೆ ನಿಂತ ಕಡೆ, ಎರಡು ನದಿಗಳು ಕೂಡುವ ಕಡೆ, ಚಳಿಗಾಲದಲ್ಲೂ ಹೆಪ್ಪುಗಟ್ಟದ ಬಂದರಿನ ದಂಡೆಯಲ್ಲಿ ಊರುಗಳು ಹುಟ್ಟಿದವು. ಅವುಗಳ ದಿನಚರಿಯನ್ನು ರೂಪಿಸಿದ್ದು ಚಳಿ. ಆದರೆ ಉತ್ತರಕ್ಕೆ ಹೋದಷ್ಟೂ ಚಳಿ ಹೆಚ್ಚು ಎಂಬ ಸರಳ ಲೆಕ್ಕ ಇಲ್ಲಿ ನಡೆಯುವುದಿಲ್ಲ. ವ್ಯಾಂಕೂವರ್ ಮತ್ತು ವಿನ್ನಿಪೆಗ್ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಜನವರಿಯಲ್ಲಿ ವ್ಯಾಂಕೂವರಿನ ಸರಾಸರಿ ಉಷ್ಣಾಂಶ ಸೊನ್ನೆಗಿಂತ 4 ಡಿಗ್ರಿ ಮೇಲಿದ್ದರೆ, ವಿನ್ನಿಪೆಗ್‌ನಲ್ಲಿ ಅದು ಸೊನ್ನೆಗಿಂತ 16 ಡಿಗ್ರಿ ಕೆಳಗಿರುತ್ತದೆ. ಒಂದಕ್ಕೆ ಪೆಸಿಫಿಕ್ ಸಾಗರದ ಬೆಚ್ಚನೆಯ ಗಾಳಿ. ಇನ್ನೊಂದು ಯಾವ ಸಾಗರದ ಆಸರೆಯೂ ಇಲ್ಲದ ಬಯಲು.

ಅಟ್ಲಾಂಟಿಕ್ ಬಂದರುಗಳು

ಉತ್ತರ ಅಮೆರಿಕದ ಪೂರ್ವ ತುದಿಯ ನಗರ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಸೇಂಟ್ ಜಾನ್ಸ್. ಲ್ಯಾಬ್ರಡಾರ್‌ನ ತಣ್ಣನೆಯ ಪ್ರವಾಹವೂ ಗಲ್ಫ್ ಸ್ಟ್ರೀಮ್‌ನ ಬಿಸಿ ಪ್ರವಾಹವೂ ಈ ಭಾಗದ ಕಡಲಿನಲ್ಲಿ ಸಂಧಿಸುವುದರಿಂದ ವರ್ಷಕ್ಕೆ ನೂರಕ್ಕೂ ಹೆಚ್ಚು ದಿನ ಊರನ್ನು ಮಂಜು ಮುಸುಕಿರುತ್ತದೆ. ಇಲ್ಲಿನ ಸಿಗ್ನಲ್ ಹಿಲ್ ಗುಡ್ಡದ ಮೇಲೆಯೇ 1901ರ ಡಿಸೆಂಬರ್‌ನಲ್ಲಿ ಮಾರ್ಕೋನಿ ಅಟ್ಲಾಂಟಿಕ್‌ನಾಚೆಯಿಂದ ಬಂದ ಮೊದಲ ನಿಸ್ತಂತು ಸಂಕೇತವನ್ನು ಆಲಿಸಿದ್ದು. ಶತಮಾನಗಳ ಕಾಲ ಈ ನಾಡನ್ನು ಸಾಕಿದ್ದು ಕಾಡ್ ಮೀನು. ಮಿತಿಮೀರಿ ಹಿಡಿದ ಪರಿಣಾಮವಾಗಿ ಮೀನಿನ ಸಂತತಿಯೇ ಕುಸಿದು, 1992ರಲ್ಲಿ ಸರ್ಕಾರ ಕಾಡ್ ಮೀನುಗಾರಿಕೆಯನ್ನು ನಿಲ್ಲಿಸಿತು. ಸುಮಾರು 30,000 ಜನ ಒಮ್ಮೆಲೇ ಕೆಲಸ ಕಳೆದುಕೊಂಡರು. 1997ರಿಂದ ಹೈಬರ್ನಿಯಾ ತೈಲನೆಲೆ ನಗರಕ್ಕೆ ಹೊಸ ಜೀವನೋಪಾಯ ಕೊಟ್ಟಿದೆ. ವಸಂತದಲ್ಲಿ ಗ್ರೀನ್‌ಲ್ಯಾಂಡ್ ಕಡೆಯಿಂದ ತೇಲಿಬರುವ ಹಿಮಗಡ್ಡೆಗಳನ್ನು ದಡದಿಂದಲೇ ನೋಡಬಹುದು.

ನೊವಾ ಸ್ಕೋಷಿಯಾದ ಹ್ಯಾಲಿಫ್ಯಾಕ್ಸ್ ಚಳಿಗಾಲದಲ್ಲೂ ಹೆಪ್ಪುಗಟ್ಟದ ಆಳವಾದ ಬಂದರು. 1749ರಲ್ಲಿ ಬ್ರಿಟಿಷರು ನೌಕಾನೆಲೆಯಾಗಿ ಕಟ್ಟಿದ ಈ ಊರು ಇಂದಿಗೂ ಕೆನಡಾ ನೌಕಾಪಡೆಯ ಅಟ್ಲಾಂಟಿಕ್ ನೆಲೆ. 1917ರ ಡಿಸೆಂಬರ್ 6ರಂದು ಮದ್ದುಗುಂಡು ತುಂಬಿದ್ದ ಮಾಂಟ್-ಬ್ಲಾಂಕ್ ಹಡಗು ಬಂದರಿನಲ್ಲಿ ಮತ್ತೊಂದು ಹಡಗಿಗೆ ಡಿಕ್ಕಿ ಹೊಡೆದು ಸ್ಫೋಟಗೊಂಡಾಗ ಸುಮಾರು 1,800 ಮಂದಿ ಸತ್ತರು. ಅಂದು ನೆರವಿಗೆ ಧಾವಿಸಿದ ಅಮೆರಿಕದ ಬೋಸ್ಟನ್ ನಗರಕ್ಕೆ ನೊವಾ ಸ್ಕೋಷಿಯಾ ಇಂದಿಗೂ ಪ್ರತಿವರ್ಷ ಒಂದು ಕ್ರಿಸ್‌ಮಸ್ ಮರವನ್ನು ಕಳಿಸಿ ಕೃತಜ್ಞತೆ ಹೇಳುತ್ತದೆ.

ಸೇಂಟ್ ಲಾರೆನ್ಸ್ ದಂಡೆಯ ಫ್ರೆಂಚ್ ನಗರಗಳು

ಅಟ್ಲಾಂಟಿಕ್‌ನಿಂದ ದೇಶದ ಒಡಲಿಗೆ ಹೋಗುವ ಹೆದ್ದಾರಿ ಸೇಂಟ್ ಲಾರೆನ್ಸ್ ನದಿ. ಅದು ಕಿರಿದಾಗುವ ಜಾಗದಲ್ಲಿ, ಎತ್ತರದ ಬಂಡೆಯ ಮೇಲೆ, 1608ರಲ್ಲಿ ಸ್ಯಾಮ್ಯುಯೆಲ್ ದ ಶಾಂಪ್ಲೇನ್ ಕ್ವಿಬೆಕ್ ನಗರವನ್ನು ಸ್ಥಾಪಿಸಿದ. ಮೆಕ್ಸಿಕೊದಿಂದ ಉತ್ತರಕ್ಕೆ ಕೋಟೆಗೋಡೆ ಇನ್ನೂ ಉಳಿದಿರುವ ನಗರ ಇದೊಂದೇ. ಕಲ್ಲು ಹಾಸಿದ ಓಣಿಗಳ ಹಳೇ ಪೇಟೆಗೆ 1985ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮಾನ್ಯತೆ ಸಿಕ್ಕಿತು. ಫೆಬ್ರುವರಿಯ ಚಳಿಗಾಲದ ಕಾರ್ನಿವಲ್‌ನಲ್ಲಿ ಮಂಜುಗಡ್ಡೆ ತೇಲುವ ನದಿಯ ಮೇಲೆ ದೋಣಿ ಸ್ಪರ್ಧೆ ನಡೆಯುತ್ತದೆ. ನೀರು ಸಿಕ್ಕಲ್ಲಿ ಹುಟ್ಟು ಹಾಕಿ, ಗಡ್ಡೆ ಅಡ್ಡ ಬಂದಲ್ಲಿ ದೋಣಿಯನ್ನು ಅದರ ಮೇಲೆಳೆದು ಓಡಬೇಕು. ಹತ್ತಿರದ ಮಾಂಟ್‌ಮೊರೆನ್ಸಿ ಜಲಪಾತ 83 ಮೀಟರ್ ಎತ್ತರವಿದ್ದು ಎತ್ತರದಲ್ಲಿ ನಯಾಗರವನ್ನು ಮೀರಿಸುತ್ತದೆ.

ನದಿಯಲ್ಲಿ ಇನ್ನೂ ಮೇಲಕ್ಕೆ ಬಂದರೆ ಲಾಶೀನ್ ರಭಸಗಳು. ಹಡಗುಗಳು ಇವನ್ನು ದಾಟಲಾರದೆ ನಿಲ್ಲುತ್ತಿದ್ದವು. ಆ ತಡೆಯ ಕೆಳಗಿನ ದ್ವೀಪದಲ್ಲಿ 1642ರಲ್ಲಿ ಹುಟ್ಟಿದ ಊರು ಮಾಂಟ್ರಿಯಲ್. ಇಳಿದ ಸರಕನ್ನೆಲ್ಲ ಇಲ್ಲಿಂದ ಬೇರೆ ದೋಣಿ, ಗಾಡಿಗಳಿಗೆ ಏರಿಸಬೇಕಾದ್ದರಿಂದ ವ್ಯಾಪಾರ ಬೆಳೆಯಿತು. 1825ರಲ್ಲಿ ಲಾಶೀನ್ ಕಾಲುವೆ ತೆರೆದ ಮೇಲೆ ಅದರ ದಡದಲ್ಲಿ ಕಾರ್ಖಾನೆಗಳು ಎದ್ದವು. 1959ರಲ್ಲಿ ಸೇಂಟ್ ಲಾರೆನ್ಸ್ ಜಲಮಾರ್ಗ ಸಿದ್ಧವಾಗಿ ದೊಡ್ಡ ಹಡಗುಗಳು ನೇರವಾಗಿ ಮಹಾ ಸರೋವರಗಳಿಗೆ ಹೋಗತೊಡಗಿದಾಗ ಆ ಅನುಕೂಲ ಕರಗಿತು. ನಗರ ವಿಮಾನ ತಯಾರಿಕೆ, ಔಷಧ, ವಿಡಿಯೊ ಗೇಮ್, ಕೃತಕ ಬುದ್ಧಿಮತ್ತೆಯತ್ತ ಹೊರಳಿತು.

ಮಾಂಟ್ರಿಯಲ್‌ನಲ್ಲಿ ವರ್ಷಕ್ಕೆ ಎರಡು ಮೀಟರ್‌ಗೂ ಹೆಚ್ಚು ಹಿಮ ಬೀಳುತ್ತದೆ. ಅದನ್ನು ತೆಗೆಯುವ ಕೆಲಸವೇ ಒಂದು ದೊಡ್ಡ ಆಡಳಿತ. ಹಿಮ ನಿಂತ ಕೂಡಲೇ ಚಿಕ್ಕ ಯಂತ್ರಗಳು ಪಾದಚಾರಿ ಮಾರ್ಗವನ್ನೂ ದೊಡ್ಡವು ರಸ್ತೆಯನ್ನೂ ಗೋರಿ ಹಿಮವನ್ನು ಅಂಚಿಗೆ ತಳ್ಳುತ್ತವೆ. ಬೀದಿಯುದ್ದಕ್ಕೂ ವಾಹನ ನಿಲ್ಲಿಸಬೇಡಿ ಎಂಬ ಕಿತ್ತಳೆ ಫಲಕಗಳು ಬೀಳುತ್ತವೆ. ಎಳೆದೊಯ್ಯುವ ಲಾರಿ ಸೈರನ್ ಕೂಗಿಸುತ್ತ ಬಂದರೆ ಮಾಲೀಕರು ಓಡಿಬಂದು ಕಾರು ತೆಗೆಯುತ್ತಾರೆ. ಹಿಂದೆಯೇ ಬರುವ ಯಂತ್ರ ಅಂಚಿನ ಹಿಮದ ರಾಶಿಯನ್ನು ಹೀರಿ, ಪಕ್ಕದಲ್ಲಿ ಅದೇ ವೇಗದಲ್ಲಿ ಸಾಗುವ ಲಾರಿಗೆ ಚಿಮ್ಮಿಸುತ್ತದೆ. ಲಾರಿ ತುಂಬಿದ ಹಿಮ ಹೋಗಿ ಬೀಳುವುದು ಹಳೆಯ ಕಲ್ಲುಗಣಿಗಳಿಗೆ ಅಥವಾ ಒಳಚರಂಡಿಯ ವಿಶೇಷ ಬಾವಿಗಳಿಗೆ. ಹೀಗೆ ಸ್ವಚ್ಛಗೊಳ್ಳಬೇಕಾದ ರಸ್ತೆ, ಕಾಲುದಾರಿಗಳ ಒಟ್ಟು ಉದ್ದ ಸುಮಾರು 10,000 ಕಿಲೋಮೀಟರ್. 1966ರಲ್ಲಿ ಶುರುವಾದ ಮೆಟ್ರೊ ಪೂರ್ತಿ ನೆಲದಡಿಯಲ್ಲೇ ಓಡುತ್ತದೆ. ಅದರ ನಿಲ್ದಾಣಗಳಿಗೆ ಅಂಗಡಿ, ಕಚೇರಿ, ವಿಶ್ವವಿದ್ಯಾಲಯಗಳನ್ನು ಜೋಡಿಸುವ ಸುರಂಗ ದಾರಿಗಳು 30 ಕಿಲೋಮೀಟರ್ ಮೀರಿವೆ. ಬೇಸಿಗೆ ಬಂತೆಂದರೆ ಇದೇ ನಗರ ಬೀದಿಗಿಳಿಯುತ್ತದೆ. 1980ರಿಂದ ನಡೆಯುತ್ತಿರುವ ಜಾಝ್ ಉತ್ಸವ ಅದರ ಹೆಗ್ಗುರುತು.

ರಾಜಧಾನಿ ಮತ್ತು ಮಹಾನಗರ

ಒಟ್ಟಾವಾ ಮೊದಲು ಮರದ ದಿಮ್ಮಿಗಳ ಪೇಟೆಯಾಗಿತ್ತು. 1857ರಲ್ಲಿ ವಿಕ್ಟೋರಿಯಾ ರಾಣಿ ಇದನ್ನು ರಾಜಧಾನಿಯಾಗಿ ಆರಿಸಿದಳು. ಫ್ರೆಂಚ್ ಮತ್ತು ಇಂಗ್ಲಿಷ್ ಸೀಮೆಗಳ ಗಡಿಯಲ್ಲಿ, ಅಮೆರಿಕದಿಂದ ಸಾಕಷ್ಟು ದೂರದಲ್ಲಿ ಇದ್ದುದು ಅದರ ಬಲ. ಅಮೆರಿಕದ ದಾಳಿಯ ಭಯದಿಂದ ಸೇನೆಗಾಗಿ 1832ರಲ್ಲಿ ಕಟ್ಟಿ ಮುಗಿಸಿದ 202 ಕಿಲೋಮೀಟರ್ ಉದ್ದದ ರಿಡೋ ಕಾಲುವೆ ಇಂದು ವಿಶ್ವ ಪರಂಪರೆಯ ತಾಣ. ಚಳಿಗಾಲದಲ್ಲಿ ನಗರದೊಳಗಿನ 7.8 ಕಿಲೋಮೀಟರ್ ಭಾಗ ಹೆಪ್ಪುಗಟ್ಟಿದಾಗ ಜನ ಸ್ಕೇಟ್ ಕಟ್ಟಿಕೊಂಡು ಅದರ ಮೇಲೆಯೇ ಕೆಲಸಕ್ಕೆ ಹೋಗುತ್ತಾರೆ. ಮೇ ತಿಂಗಳ ಟ್ಯೂಲಿಪ್ ಹಬ್ಬಕ್ಕೆ ಎರಡನೇ ಮಹಾಯುದ್ಧದ ಹಿನ್ನೆಲೆಯಿದೆ: ಇಲ್ಲಿ ಆಶ್ರಯ ಪಡೆದಿದ್ದ ನೆದರ್ಲೆಂಡ್ಸ್ ರಾಜಕುಟುಂಬ 1945ರಲ್ಲಿ ಒಂದು ಲಕ್ಷ ಗೆಡ್ಡೆಗಳನ್ನು ಕಾಣಿಕೆಯಾಗಿ ಕಳಿಸಿತ್ತು. ಕನ್ನಡಿಗರಿಗೆ ಒಟ್ಟಾವಾ ಇನ್ನೊಂದು ಕಾರಣಕ್ಕೆ ನೆನಪಿರುತ್ತದೆ. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಮೂಲದ ಚಂದ್ರ ಆರ್ಯ, ನಗರದ ನೇಪಿಯನ್ ಕ್ಷೇತ್ರದ ಸಂಸದರಾಗಿ, 2022ರ ಮೇನಲ್ಲಿ ಅಲ್ಲಿನ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತನಾಡಿದರು.

ಒಂಟಾರಿಯೊ ಸರೋವರದ ಉತ್ತರ ದಡದ ಟೊರಾಂಟೊ ದೇಶದ ಅತಿ ದೊಡ್ಡ ನಗರ. 2021ರ ಜನಗಣತಿಯಂತೆ ನಗರದಲ್ಲಿ ಸುಮಾರು 28 ಲಕ್ಷ, ಸುತ್ತಲ ಪಟ್ಟಣಗಳೂ ಸೇರಿದರೆ 62 ಲಕ್ಷ ಜನ. ಅವರಲ್ಲಿ ಸುಮಾರು ಅರ್ಧದಷ್ಟು ಹೊರದೇಶಗಳಲ್ಲಿ ಹುಟ್ಟಿದವರು. ಬ್ಯಾಂಕುಗಳ ಮುಖ್ಯ ಕಚೇರಿಗಳು ಇಲ್ಲಿವೆ. ಜಗತ್ತಿನ ಗಣಿ ಕಂಪನಿಗಳು ಬಂಡವಾಳಕ್ಕಾಗಿ ಇಲ್ಲಿನ ಷೇರುಪೇಟೆಗೆ ಬರುತ್ತವೆ. ಆಸುಪಾಸಿನ ಪಟ್ಟಣಗಳಲ್ಲಿ ಕಾರು ಕಾರ್ಖಾನೆಗಳಿವೆ. 1921ರಲ್ಲಿ ಬಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದದ್ದು ಟೊರಾಂಟೊ ವಿಶ್ವವಿದ್ಯಾಲಯದಲ್ಲಿ. 1976ರಲ್ಲಿ ತೆರೆದ 553 ಮೀಟರ್‌ನ ಸಿಎನ್ ಗೋಪುರ ಮೂರು ದಶಕ ಜಗತ್ತಿನ ಅತಿ ಎತ್ತರದ ಸ್ವತಂತ್ರ ಕಟ್ಟಡವಾಗಿತ್ತು. ಸರೋವರವನ್ನು ನಗರ ಬಳಸಿಕೊಳ್ಳುವ ರೀತಿ ಮೆಚ್ಚುವಂಥದ್ದು. 83 ಮೀಟರ್ ಆಳದಲ್ಲಿ ವರ್ಷವಿಡೀ 4 ಡಿಗ್ರಿಯಷ್ಟೇ ಇರುವ ನೀರನ್ನು ಕೊಳವೆಯಲ್ಲಿ ತಂದು, ಅದರ ತಂಪನ್ನು 2004ರಿಂದ ಪೇಟೆಯ ಬಹುಮಹಡಿ ಕಟ್ಟಡಗಳಿಗೆ ಕೊಟ್ಟು, ಆ ಮೇಲೆ ಅದನ್ನೇ ಕುಡಿಯಲು ಬಿಡಲಾಗುತ್ತದೆ.

ಟೊರಾಂಟೊದಿಂದ ರಸ್ತೆಯಲ್ಲಿ ಸುಮಾರು 130 ಕಿಲೋಮೀಟರ್ ದೂರದಲ್ಲಿ ನಯಾಗರ ಜಲಪಾತ. ಇಲ್ಲಿ ಪ್ರವಾಸೋದ್ಯಮಕ್ಕೂ ವಿದ್ಯುತ್ ಉದ್ಯಮಕ್ಕೂ ಬೇಕಾಗಿರುವುದು ಒಂದೇ ನೀರು. 1950ರಲ್ಲಿ ಕೆನಡಾ ಮತ್ತು ಅಮೆರಿಕ ಮಾಡಿಕೊಂಡ ಒಪ್ಪಂದದಂತೆ ಪ್ರವಾಸಿ ಋತುವಿನ ಹಗಲಲ್ಲಿ ಸೆಕೆಂಡಿಗೆ ಕನಿಷ್ಠ ಒಂದು ಲಕ್ಷ ಘನ ಅಡಿ ನೀರು ಜಲಪಾತದಲ್ಲಿ ಧುಮುಕಲೇಬೇಕು. ರಾತ್ರಿ ಮತ್ತು ಚಳಿಗಾಲದಲ್ಲಿ ಅದರ ಅರ್ಧ ಸಾಕು, ಉಳಿದದ್ದು ವಿದ್ಯುದಾಗಾರಗಳಿಗೆ.

ಬಯಲುಸೀಮೆ ಮತ್ತು ರಾಕಿ ತಪ್ಪಲು

ವಿನ್ನಿಪೆಗ್ ರೆಡ್ ಮತ್ತು ಅಸಿನಿಬಾಯಿನ್ ನದಿಗಳ ಸಂಗಮದ ಊರು. 1880ರ ದಶಕದಲ್ಲಿ ರೈಲು ಬಂದ ಮೇಲೆ ಗೋಧಿ ವ್ಯಾಪಾರದ ಕೇಂದ್ರವಾಯಿತು. ಇಲ್ಲಿ ಚಳಿಗಾಲದಲ್ಲಿ ಕಾರಿನ ಎಂಜಿನ್ ಬೆಚ್ಚಗಿಡಲು ವಿದ್ಯುತ್ ಪ್ಲಗ್‌ಗೆ ಸಿಕ್ಕಿಸುವುದು ದಿನನಿತ್ಯದ ರೂಢಿ. ರೆಡ್ ನದಿ ಹರಿಯುವುದು ದಕ್ಷಿಣದಿಂದ ಉತ್ತರಕ್ಕೆ. ವಸಂತದಲ್ಲಿ ಮೇಲ್ಭಾಗದ ಹಿಮ ಮೊದಲು ಕರಗುತ್ತದೆ, ಕೆಳಭಾಗದ ನದಿ ಇನ್ನೂ ಗಡ್ಡೆಗಟ್ಟಿರುತ್ತದೆ, ನೀರು ದಡ ಮೀರುತ್ತದೆ. 1950ರ ಪ್ರವಾಹದಲ್ಲಿ ಸುಮಾರು ಒಂದು ಲಕ್ಷ ಜನ ಊರು ಬಿಡಬೇಕಾಯಿತು. ಬಳಿಕ ಪ್ರಾಂತದ ಪ್ರಧಾನಿ ಡಫ್ ರಾಬ್ಲಿನ್ ಟೀಕೆಗಳಿಗೆ ಜಗ್ಗದೆ ನಗರದ ಹೊರಗೆ 47 ಕಿಲೋಮೀಟರ್ ಕಾಲುವೆ ತೋಡಿಸಿದರು. 1968ರಲ್ಲಿ ಮುಗಿದ ಆ ಕಾಲುವೆ 1997ರ ಮಹಾಪೂರದಲ್ಲಿ ವಿನ್ನಿಪೆಗ್ ಅನ್ನು ಉಳಿಸಿತು. ಪಶ್ಚಿಮಕ್ಕೆ ಸಸ್ಕ್ಯಾಚುವಾನ್ ಪ್ರಾಂತದ ಸಸ್ಕಟೂನ್, ರೆಜಿನಾ ನಗರಗಳಿವೆ. ಭಾರತ ತರಿಸಿಕೊಳ್ಳುವ ಮಸೂರ ಬೇಳೆ, ಹಳದಿ ಬಟಾಣಿಯ ದೊಡ್ಡ ಪಾಲು ಬೆಳೆಯುವುದು ಈ ಬಯಲಿನಲ್ಲೇ. ಪೊಟ್ಯಾಶ್ ಗೊಬ್ಬರದ ಗಣಿಗಳೂ ಇಲ್ಲಿವೆ.

ಆಲ್ಬರ್ಟಾದ ರಾಜಧಾನಿ ಎಡ್ಮಂಟನ್. ಅದರ ಬಳಿಯ ಲೆಡಕ್‌ನಲ್ಲಿ 1947ರ ಫೆಬ್ರುವರಿಯಲ್ಲಿ ಚಿಮ್ಮಿದ ತೈಲ ಪ್ರಾಂತದ ಹಣೆಬರಹವನ್ನೇ ಬದಲಿಸಿತು. ಸಂಸ್ಕರಣಾ ಘಟಕಗಳು ಎಡ್ಮಂಟನ್‌ನಲ್ಲಿ ಬೆಳೆದವು, ಕಂಪನಿಗಳ ಮುಖ್ಯ ಕಚೇರಿಗಳು ಕ್ಯಾಲ್ಗರಿಯಲ್ಲಿ. ಸಮುದ್ರಮಟ್ಟಕ್ಕಿಂತ ಸಾವಿರ ಮೀಟರಿಗೂ ಎತ್ತರದ ಕ್ಯಾಲ್ಗರಿಯ ವಿಶೇಷ ಷಿನೂಕ್ ಗಾಳಿ. ಪೆಸಿಫಿಕ್‌ನ ತೇವದ ಗಾಳಿ ರಾಕಿ ಪರ್ವತ ಏರುವಾಗ ಮಳೆ, ಹಿಮವನ್ನು ಪಶ್ಚಿಮದಲ್ಲೇ ಸುರಿಸಿ, ಪೂರ್ವಕ್ಕೆ ಇಳಿಯುವಾಗ ಒಣಗಿ ಬಿಸಿಯಾಗುತ್ತದೆ. ಕೊರೆಯುವ ಚಳಿಯ ನಡುವೆ ಕೆಲವೇ ಗಂಟೆಗಳಲ್ಲಿ ಉಷ್ಣಾಂಶ 20 ಡಿಗ್ರಿ ಏರಿ, ಬೀದಿಯ ಹಿಮ ಕರಗಿಬಿಡುತ್ತದೆ. ಜುಲೈನ ಸ್ಟಾಂಪೀಡ್ ಜಾತ್ರೆಯಲ್ಲಿ ದನಗಾಹಿಗಳ ಸಾಹಸ ನೋಡಲು ಲಕ್ಷಾಂತರ ಜನ ಸೇರುತ್ತಾರೆ. ಒಂದೂವರೆ ಗಂಟೆಯ ದಾರಿಯಲ್ಲಿ, 1885ರಲ್ಲಿ ರಕ್ಷಿತವಾದ, ಕೆನಡಾದ ಮೊದಲ ರಾಷ್ಟ್ರೀಯ ಉದ್ಯಾನ ಬ್ಯಾನ್ಫ್ ಇದೆ. ಹಿಮನದಿಗಳು ಅರೆದ ಕಲ್ಲಿನ ನುಣ್ಣನೆಯ ಹುಡಿ ನೀರಿನಲ್ಲಿ ತೇಲುವುದೇ ಅಲ್ಲಿನ ಸರೋವರಗಳ ಹಸಿರುನೀಲಿಗೆ ಕಾರಣ. ಜನಸಂದಣಿ ಮಿತಿಮೀರಿದ್ದರಿಂದ 2023ರಿಂದ ಮೊರೇನ್ ಸರೋವರಕ್ಕೆ ಸ್ವಂತ ಕಾರು ಒಯ್ಯುವಂತಿಲ್ಲ.

ಪೆಸಿಫಿಕ್ ತೀರ ಮತ್ತು ಉತ್ತರದ ಕೊನೆ

ವ್ಯಾಂಕೂವರ್ 1886ರಲ್ಲಿ ನಗರವಾಯಿತು; ಮರುವರ್ಷವೇ ದೇಶದ ಉದ್ದಕ್ಕೂ ಸಾಗಿಬಂದ ರೈಲು ಇಲ್ಲಿಗೆ ತಲುಪಿತು. ಬಯಲಿನ ಧಾನ್ಯ, ಪೊಟ್ಯಾಶ್, ಕಲ್ಲಿದ್ದಲು ಏಷ್ಯಾಕ್ಕೆ ಹೋಗುವುದು ದೇಶದ ಈ ಅತಿ ದೊಡ್ಡ ಬಂದರಿನಿಂದ. ಸಿನಿಮಾ ಚಿತ್ರೀಕರಣವೂ ಇಲ್ಲಿ ದೊಡ್ಡ ಉದ್ಯಮ. ಚಳಿಗಾಲವಿಡೀ ಮಳೆ, ಬೇಸಿಗೆಯಲ್ಲಿ ತಿಳಿಬಿಸಿಲು. ನಗರದ ಬಗಲಲ್ಲೇ 405 ಹೆಕ್ಟೇರಿನ ಸ್ಟ್ಯಾನ್ಲಿ ಪಾರ್ಕ್ ಕಾಡಿದೆ. ಬೆಟ್ಟಗಳ ನೋಟಕ್ಕೆ ಕಟ್ಟಡಗಳು ಅಡ್ಡಬರದಂತೆ 1989ರಿಂದ ನಗರಪಾಲಿಕೆ ನಿಯಮ ಮಾಡಿರುವುದು ಎಲ್ಲ ನಗರಗಳಿಗೂ ಮಾದರಿ. 1914ರಲ್ಲಿ 376 ಮಂದಿ, ಬಹುತೇಕ ಪಂಜಾಬಿನವರು, ಇದ್ದ ಕೊಮಗಾಟಾ ಮಾರು ಹಡಗನ್ನು ಇದೇ ಬಂದರಿನಿಂದ ಹಿಂದಕ್ಕಟ್ಟಲಾಗಿತ್ತು. ಆ ಅನ್ಯಾಯಕ್ಕೆ ಕೆನಡಾದ ಪ್ರಧಾನಿ 2016ರಲ್ಲಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ಗ್ರೇಟ್ ಸ್ಲೇವ್ ಸರೋವರದ ದಡದ ಯೆಲ್ಲೋನೈಫ್ 1930ರ ದಶಕದ ಚಿನ್ನದ ಗಣಿಗಳಿಂದ ಹುಟ್ಟಿ, 1998ರ ನಂತರ ವಜ್ರದ ಗಣಿಗಳಿಂದ ಬೆಳೆದ ಸಣ್ಣ ನಗರ. ಇರುಳಿನ ಆಕಾಶದಲ್ಲಿ ಹಸಿರು ಧ್ರುವಪ್ರಭೆ ನೋಡಲು ಜಗತ್ತಿನೆಲ್ಲೆಡೆಯಿಂದ ಜನ ಬರುತ್ತಾರೆ.

ಬದಲಾಗುತ್ತಿರುವ ಋತುಗಳು

ಚಳಿಯನ್ನು ಪಳಗಿಸಿಕೊಂಡ ಈ ನಗರಗಳಿಗೆ ಈಗ ಬಿಸಿಯ ಸವಾಲು. 2021ರ ಜೂನ್ 29ರಂದು ಬ್ರಿಟಿಷ್ ಕೊಲಂಬಿಯಾದ ಲಿಟನ್‌ನಲ್ಲಿ 49.6 ಡಿಗ್ರಿ ದಾಖಲಾಯಿತು. ಅದೇ ನವೆಂಬರ್‌ನಲ್ಲಿ ಸುರಿದ ಮಳೆಗೆ ವ್ಯಾಂಕೂವರಿಗೂ ಉಳಿದ ದೇಶಕ್ಕೂ ನಡುವಿನ ರಸ್ತೆ, ರೈಲು ಸಂಪರ್ಕ ಕಡಿದುಹೋಯಿತು. 2022-23ರ ಚಳಿಗಾಲದಲ್ಲಿ ರಿಡೋ ಕಾಲುವೆಯ ಸ್ಕೇಟಿಂಗ್ ದಾರಿ, ಅದು ಆರಂಭವಾದಾಗಿನಿಂದ ಮೊದಲ ಬಾರಿಗೆ, ಒಂದು ದಿನವೂ ತೆರೆಯಲಿಲ್ಲ. 2023ರ ಆಗಸ್ಟ್‌ನಲ್ಲಿ ಕಾಳ್ಗಿಚ್ಚಿಗೆ ಹೆದರಿ ಯೆಲ್ಲೋನೈಫ್ ಪೂರ್ತಿ ತೆರವಾಯಿತು. ಚಳಿಯನ್ನೇ ಹಬ್ಬವಾಗಿಸಿದ ಊರುಗಳಿಗೆ ಈ ಬದಲಾವಣೆ ಪ್ರವಾಸೋದ್ಯಮದ ನಷ್ಟವಷ್ಟೇ ಅಲ್ಲ, ಬದುಕಿನ ಕ್ರಮವೇ ಅಲುಗಿದಂತೆ.

ನೋಡಲು ಹೋಗುವವರು ದೂರವನ್ನು ಮರೆಯಬಾರದು. ಟೊರಾಂಟೊದಿಂದ ವ್ಯಾಂಕೂವರಿಗೆ ರೈಲಿನಲ್ಲಿ 4,466 ಕಿಲೋಮೀಟರ್, ನಾಲ್ಕು ರಾತ್ರಿಗಳ ಪಯಣ. ಒಂದು ಪ್ರವಾಸಕ್ಕೆ ಪೂರ್ವವನ್ನೋ ಪಶ್ಚಿಮವನ್ನೋ ಆರಿಸಿಕೊಳ್ಳುವುದು ಜಾಣತನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲ ನಗರಗಳೂ ಹಿತಕರ. ಆದರೆ ಫೆಬ್ರುವರಿಯ ಕ್ವಿಬೆಕ್ ಅಥವಾ ಒಟ್ಟಾವಾವನ್ನು ದಪ್ಪ ಕೋಟು ತೊಟ್ಟಾದರೂ ಒಮ್ಮೆ ನೋಡಬೇಕು. ಬೇಸಿಗೆಯಲ್ಲಷ್ಟೇ ಹೋಗಿ ಬಂದವರು ಕೆನಡಾದ ಅರ್ಧವನ್ನಷ್ಟೇ ಕಂಡಿರುತ್ತಾರೆ.