ಬೆಂಗಳೂರೋ, ಬಳ್ಳಾರಿಯೋ, ಯಾದಗಿರಿಯೋ?

ನೀಟ್ ಫಲಿತಾಂಶ ಬಂದ ವಾರ ಕಕ್ಕೇರಾದಂಥ ಊರಿನಲ್ಲಿ ಎಲ್ಲರೂ ಕೇಳುವುದು ಒಂದೇ: ‘ಸೀಟ್ ಸಿಗ್ತೈತೇನು?’ ಸಿಗುತ್ತದೆ ಎಂದು ಖಾತ್ರಿಯಾದ ಮೇಲೆ ಇನ್ನೊಂದು ತಲೆನೋವು ಶುರುವಾಗುತ್ತದೆ. ಯಾವ ಕಾಲೇಜು? ಕೆಇಎ ಆಪ್ಷನ್ ಎಂಟ್ರಿ ಪುಟ ತೆರೆದು ಕುಳಿತ ಹುಡುಗಿಯ ಹಿಂದೆ ನಿಂತ ಕಾಕಾ ‘ಬೆಂಗಳೂರು ಮೊದಲು ಹಾಕವ್ವಾ’ ಎನ್ನುತ್ತಾರೆ. ‘ಯಾದಗಿರಿನೇ ಹಾಕು, ಹಬ್ಬಕ್ಕರ ಮನಿಗೆ ಬರ್ತಿ’ ಎನ್ನುವುದು ಅಪ್ಪನ ಮಾತು.

ಇಬ್ಬರಿಗೂ ಗೊತ್ತಿರಬೇಕಾದ ಸಂಗತಿ ಒಂದಿದೆ. ಬೆಂಗಳೂರು, ಬಳ್ಳಾರಿ, ಯಾದಗಿರಿ ಮೂರೂ ಕಡೆಯ ಸರ್ಕಾರಿ ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಸೇರಿದವು. ಪರೀಕ್ಷೆ ಒಂದೇ, ಪದವಿಯೂ ಒಂದೇ. ಮುಂದೆ ನೀಟ್ ಪಿಜಿ ಬರೆಯುವಾಗ ನೋಡುವುದು ಅಂಕವನ್ನು, ಎಂಬಿಬಿಎಸ್ ಓದಿದ ಊರನ್ನಲ್ಲ.

ಡೀಮ್ಡ್ ಸಂಸ್ಥೆಗಳಲ್ಲಾದರೆ ವಿಶ್ವವಿದ್ಯಾಲಯವೇ ಬೇರೆ. ನಮಗೆ ಹತ್ತಿರದ್ದೆಂದರೆ ವಿಜಯಪುರದ ಬಿಎಲ್‌ಡಿಇ. ಡೀಮ್ಡ್ ಸೀಟು ಹಂಚುವುದು ಕೆಇಎ ಅಲ್ಲ, ಕೇಂದ್ರದ ಎಂಸಿಸಿ. ಅಲ್ಲಿ ನಮ್ಮ 371ಜೆ ಪ್ರಮಾಣಪತ್ರ ನಡೆಯುವುದಿಲ್ಲ, ಶುಲ್ಕವೂ ವರ್ಷಕ್ಕೆ ಲಕ್ಷಗಳ ಲೆಕ್ಕದಲ್ಲಿ. ಕಾಲುವೆ ನೀರು ಹರಿಯುವ ಗದ್ದೆ ಮಾರಿ ಅಲ್ಲಿಗೆ ಸೇರಿಸುವ ತಂದೆತಾಯಿ ನಮ್ಮ ಭಾಗದಲ್ಲಿದ್ದಾರೆ. ಸರ್ಕಾರಿ ಸೀಟು ಕೈಗೆಟಕುವಂತಿದ್ದಾಗ ಹೀಗೆ ಮಾಡುವುದು ನನಗಂತೂ ಸರಿ ಕಾಣುವುದಿಲ್ಲ. ಮನೆಯಲ್ಲಿ ತಂಗಿ, ತಮ್ಮನೂ ಓದಬೇಕಲ್ಲ.

2013ರಲ್ಲಿ ಜಾರಿಗೆ ಬಂದ 371ಜೆ ನಮ್ಮ ಆಯ್ಕೆಯ ಲೆಕ್ಕವನ್ನೇ ಬದಲಿಸಿದೆ. ಕಲ್ಯಾಣ ಕರ್ನಾಟಕದ ಕಾಲೇಜುಗಳ ರಾಜ್ಯ ಕೋಟಾದಲ್ಲಿ ಶೇ 70ರಷ್ಟು ಸೀಟು ಸ್ಥಳೀಯರಿಗೆ ಮೀಸಲು. ರಾಜ್ಯದ ಉಳಿದೆಡೆ ಶೇ 8 ಮಾತ್ರ. ಯಾದಗಿರಿಯಲ್ಲಿ 150 ಸೀಟಿನಿಂದ 2022–23ರಲ್ಲಿ ಕಾಲೇಜು ಶುರುವಾಯಿತು. ಶೇ 15ರ ಅಖಿಲ ಭಾರತ ಕೋಟಾ ಕಳೆದರೆ ಸ್ಥಳೀಯರ ಪಾಲು 90ರ ಹತ್ತಿರ ಬರುತ್ತದೆ. ಹೊರಗಿನ ಅಷ್ಟೇ ದೊಡ್ಡ ಕಾಲೇಜಿನಲ್ಲಿ ಅದು ಹತ್ತು! ಬೀದರ್‌ನಿಂದ ಬಳ್ಳಾರಿವರೆಗಿನ ಏಳು ಜಿಲ್ಲೆಗಳ ಜಾಣರು ಆ ಹತ್ತಕ್ಕೆ ಕಣ್ಣಿಟ್ಟಿರುತ್ತಾರೆ. ಸಹಾಯಕ ಆಯುಕ್ತರ ಕಚೇರಿಯ ಆ ಪ್ರಮಾಣಪತ್ರವನ್ನು ಪಿಯುಸಿ ಇರುವಾಗಲೇ ಮಾಡಿಸಿಟ್ಟುಕೊಳ್ಳಿ.

ಹಾಗಾದರೆ ನಮ್ಮ ಭಾಗದೊಳಗೆ ಯಾವುದು? ಇಲ್ಲಿ ನೋಡಬೇಕಾದದ್ದು ಕಟ್ಟಡವನ್ನಲ್ಲ, ವಾರ್ಡನ್ನು. ಬಳ್ಳಾರಿಯ ಕಾಲೇಜು 1961ರದ್ದು. ಹಳೆಯ ದೊಡ್ಡ ಆಸ್ಪತ್ರೆ, ಪಿಜಿ ವಿದ್ಯಾರ್ಥಿಗಳು, ರಾತ್ರಿ ಡ್ಯೂಟಿಯಲ್ಲಿ ಕೈಹಿಡಿದು ಹೇಳಿಕೊಡುವ ಸೀನಿಯರ್‌ಗಳು ಅಲ್ಲಿದ್ದಾರೆ. ರಾಯಚೂರಿನದು 2007ರಲ್ಲಿ, ಕಲಬುರಗಿಯ ಜಿಮ್ಸ್ 2015ರಲ್ಲಿ ಆರಂಭವಾದವು. ಹೊಸ ಕಾಲೇಜಿನಲ್ಲಿ ಸೀನಿಯರ್‌ಗಳ ಸಾಲು ಚಿಕ್ಕದು, ವಿಭಾಗಗಳು ಬೆಳೆಯಲು ವರ್ಷಗಳು ಬೇಕು. ಇದನ್ನು ಮುಚ್ಚಿಡಬೇಕಿಲ್ಲ. ನಾನಾದರೆ ಬಳ್ಳಾರಿಯನ್ನು ಯಾದಗಿರಿಗಿಂತ ಮೇಲೆ ಹಾಕುತ್ತೇನೆ.

ಆದರೆ ‘ಯಾದಗಿರಿಯಾ?’ ಎಂದು ಮೂಗು ಮುರಿಯುವವರ ಮಾತು ಬೇರೆ. ಎಂಬಿಬಿಎಸ್‌ನಲ್ಲಿ ಈಗ ಪ್ರತಿ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು ಅವರ ಆರೋಗ್ಯದ ಮೇಲೆ ನಿಗಾ ಇಡಬೇಕು. ‘ಹೊಟ್ಟಿ ಕಡೀತೈತ್ರಿ’, ‘ಮೈಯಾಗ ಕಸುವಿಲ್ರಿ’ ಎಂದು ಅಜ್ಜಿ ಹೇಳಿದಾಗ ಹೊರರಾಜ್ಯದಿಂದ ಬಂದ ಸಹಪಾಠಿ ಬೇರೆಯವರ ಮುಖ ನೋಡಬೇಕು, ನಮ್ಮೂರಿನ ಹುಡುಗಿ ನೋಡಬೇಕಿಲ್ಲ. ರೋಗಿಯ ಮಾತಿನಿಂದಲೇ ಅರ್ಧ ರೋಗನಿರ್ಣಯವಾಗುವ ವೃತ್ತಿಯಲ್ಲಿ ಇದು ಸಣ್ಣ ಲಾಭವೇನಲ್ಲ. ಕನ್ನಡ ಮಾಧ್ಯಮದಿಂದ ಹೋದವರು ಮೊದಲ ವರ್ಷ ಅನಾಟಮಿ ಪುಸ್ತಕದ ಇಂಗ್ಲಿಷ್‌ಗೆ ಬೆವರುವುದು ಮಾತ್ರ ಎಲ್ಲ ಕಾಲೇಜಿನಲ್ಲೂ ಒಂದೇ.

ಇನ್ನು ಪಟ್ಟಿ ತುಂಬುವ ವಿಚಾರ. ಸಿಗಲಾರದ ಕಾಲೇಜನ್ನು ಮೇಲೆ ಹಾಕಿದರೆ ನಷ್ಟವಿಲ್ಲ. ಅದು ಸಿಗದಿದ್ದರೆ ಕೆಳಗಿನದನ್ನು ನೋಡುತ್ತಾರೆ. ನಿಮಗೆ ನಿಜವಾಗಿ ಬೇಕಾದ ಕ್ರಮದಲ್ಲೇ ತುಂಬಿ. ಎಚ್ಚರ ಬೇಕಾದದ್ದು ಸೀಟು ಹಂಚಿಕೆಯಾದ ನಂತರ. ಚಾಯ್ಸ್–2 ಒತ್ತಿದರೆ ಸಿಕ್ಕ ಸೀಟನ್ನು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಹೋಗುತ್ತೀರಿ. ಆದರೆ ಪಟ್ಟಿಯಲ್ಲಿ ಮೇಲಿರುವುದು ಸಿಕ್ಕ ಕ್ಷಣ ಮೊದಲಿನದು ತಾನಾಗಿ ರದ್ದು. ಕಾಕಾನ ಮಾತಿಗೆ ಮೇಲೆ ಹಾಕಿದ ದೂರದ ಖಾಸಗಿ ಕಾಲೇಜು ಬಂದರೆ ಕೈಯಲ್ಲಿದ್ದ ಯಾದಗಿರಿ ಹೋಯಿತು. ಅದಕ್ಕೇ ಚಾಯ್ಸ್–2 ಒತ್ತುವ ಹಿಂದಿನ ರಾತ್ರಿ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೇಲಿರುವ ಒಂದೊಂದೇ ಹೆಸರು ಓದಿ ಕೇಳಿ: ‘ಇದು ಬಂದ್ರ ಕಳಸ್ತೀಯೇನಪ್ಪಾ?’